ಕೆಜಿಎಫ್‌ಗೆ ಬಂದ ಕರೆಂಟು, ಮತ್ತು ‘ಮೊದಲು’ ಅನ್ನುವ ಪದ

ಹೋದ ವರ್ಷ ಬಂಗಾರಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕ್ವಿಜ್ ನಡೆಸಿಕೊಡಲು ಹೋಗಿದ್ದೆ. ಒಂದು ಪ್ರಶ್ನೆ ಹೀಗಿತ್ತು: ‘ಏಷ್ಯಾದಲ್ಲೇ ಮೊದಲು ನೀರಿನಿಂದ ತಯಾರಿಸಿದ ಕರೆಂಟು ಬಂದ ಊರು ಯಾವುದು?’ ನಾನು ಓದಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ‘ಕೆಜಿಎಫ್, ಕೆಜಿಎಫ್’ ಅಂತ ಕೂಗು ಬಂತು. ಆದರೆ ಸರದಿ ಇದ್ದ ತಂಡದ ಹುಡುಗಿ ಎದ್ದು ನಿಂತು ‘ಡಾರ್ಜಿಲಿಂಗ್ ಸಾರ್’ ಅಂದಳು. ಎಲ್ಲರೂ ನಕ್ಕರು. ನನ್ನ ಕೈಲಿದ್ದ ಹಾಳೆಯಲ್ಲಿ ಕೆಜಿಎಫ್ ಅಂತಲೇ ಇತ್ತು. ಬರೆದುಕೊಂಡು ಹೋದವನು ನಾನೇ. ‘ತಪ್ಪು’ ಅಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಹೇಳದೆ ಕೂತುಬಿಟ್ಟಳು.

ಮನೆಗೆ ಬಂದ ಮೇಲೂ ಆ ಮುಖ ಕಣ್ಣ ಮುಂದೆಯೇ ಇತ್ತು. ಕೂತು ಹುಡುಕಿದೆ. ಡಾರ್ಜಿಲಿಂಗ್ ಪಕ್ಕದ ಸಿದ್ರಾಪಾಂಗ್‌ನಲ್ಲಿ 130 ಕಿಲೋವ್ಯಾಟ್‌ನ ಪುಟ್ಟ ಜಲವಿದ್ಯುತ್ ಕೇಂದ್ರ ಶುರುವಾಗಿದ್ದು 1897ರ ನವೆಂಬರ್‌ನಲ್ಲಿ. ಶಿವನಸಮುದ್ರದ ಕರೆಂಟು ಕೆಜಿಎಫ್ ಮುಟ್ಟಿದ್ದು 1902ರ ಜೂನ್ 30ರಂದು. ನಡುವೆ ಪೂರ್ತಿ ನಾಲ್ಕೂವರೆ ವರ್ಷ. ಇನ್ನು ಏಷ್ಯಾ ಅಂತ ಬಂದರೆ ಜಪಾನಿನ ಕ್ಯೋಟೋ ನಗರದಲ್ಲಿ 1891ರಲ್ಲೇ ಕಾಲುವೆ ನೀರಿನಿಂದ ಕರೆಂಟು ತೆಗೆಯುತ್ತಿದ್ದರು. ಅಂದರೆ ಹುಡುಗಿಯ ಉತ್ತರವೂ ಪೂರ್ತಿ ಸರಿಯಲ್ಲ. ಆದರೆ ನನ್ನದಕ್ಕಿಂತ ಎಷ್ಟೋ ವಾಸಿ.

ನಾನು ಈ ಸುಳ್ಳನ್ನು ಎಲ್ಲಿ ಕಲಿತೆ ಅಂತ ಯೋಚಿಸಿದೆ. ಯಾರೂ ಬೇಕಂತ ಕಲಿಸಿದ್ದಲ್ಲ. ಚಿಕ್ಕಂದಿನಿಂದ ಕೇಳಿದ್ದು. ಬಸ್‌ಸ್ಟ್ಯಾಂಡಿನಲ್ಲಿ, ಭಾಷಣದಲ್ಲಿ, ಮದುವೆ ಮನೆಯ ಹರಟೆಯಲ್ಲಿ. ‘ಟೋಕಿಯೋ ಬಿಟ್ಟರೆ ನಮ್ಮ ಕೋಲಾರಕ್ಕೇ ಕಣಪ್ಪ ಮೊದಲು ಲೈಟು ಬಂದಿದ್ದು.’ ಬೆಂಗಳೂರಿನವರು ಇದೇ ಮಾತನ್ನು ತಮ್ಮ ಮಾರ್ಕೆಟ್ಟಿನ ಬೀದಿದೀಪಕ್ಕೆ ಹೇಳುತ್ತಾರೆ. 1905ರ ಆಗಸ್ಟ್ 5ರಂದು ಅಲ್ಲಿ ದೀಪ ಹತ್ತಿದ್ದು ನಿಜ. ಆದರೆ ಶಾಂಘೈ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಇತ್ತು. ಕಲ್ಕತ್ತಾದಲ್ಲಿ ಕರೆಂಟು ಕಂಪನಿ 1899ರಲ್ಲೇ ಕೆಲಸ ಶುರು ಮಾಡಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮೂರಿನಿಂದ ಏನನ್ನೋ ಕಿತ್ತುಕೊಂಡ ಹಾಗಾಗುತ್ತದೆ. ಹಾಗಾಗಿ 1902ರಲ್ಲಿ ನಿಜವಾಗಿ ಏನು ನಡೆಯಿತು ಅಂತ ನೋಡೋಣ. ಡಾರ್ಜಿಲಿಂಗ್ ಕೇಂದ್ರದ ಕರೆಂಟು ಹೋಗಿದ್ದು ಪಕ್ಕದ ಪೇಟೆಗೆ. ಶಿವನಸಮುದ್ರದಿಂದ ಕೆಜಿಎಫ್ ಎಷ್ಟು ದೂರ? ತಂತಿಯ ಲೆಕ್ಕದಲ್ಲಿ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಅಷ್ಟು ದೂರ ಕರೆಂಟು ಸಾಗಿಸುವ ಲೈನುಗಳು ಆಗ ಇಡೀ ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು.

ಅದು ಯಾಕೆ ಕಷ್ಟ ಅಂದರೆ, ತಂತಿಯಲ್ಲಿ ಕರೆಂಟು ಹರಿದಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿಯಷ್ಟೂ ನಷ್ಟ. ದೂರ ಹೆಚ್ಚಿದಷ್ಟೂ ನಷ್ಟ ಜಾಸ್ತಿ. ಇದಕ್ಕೆ ಇರುವ ಉಪಾಯ ವೋಲ್ಟೇಜ್ ಏರಿಸುವುದು. ವೋಲ್ಟೇಜ್ ಹತ್ತು ಪಟ್ಟು ಮಾಡಿದರೆ ಅಷ್ಟೇ ಶಕ್ತಿಯನ್ನು ಹತ್ತನೇ ಒಂದು ಪಾಲು ಕರೆಂಟಿನಲ್ಲಿ ಕಳಿಸಬಹುದು. ಆಗ ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಕೇಳಲು ಸುಲಭ. ಆದರೆ ಸಾವಿರಾರು ವೋಲ್ಟನ್ನು ಕಂಬದ ಮೇಲೆ, ಮಳೆಯಲ್ಲಿ, ಗುಡುಗಿನಲ್ಲಿ, ಬಂಡೆ ಮತ್ತು ಕೆರೆ ದಾಟಿಸಿ, ರಾತ್ರಿ ಹಗಲು ನಿಲ್ಲದಂತೆ ಸಾಗಿಸಬೇಕು. ಗಣಿಯಲ್ಲಿ ಅದಿರು ಕುಟ್ಟುವ ಯಂತ್ರ ನಿಂತರೆ ಕಂಪನಿಗೆ ನಷ್ಟ. ಅಲ್ಲಿಯವರೆಗೆ ಆ ಯಂತ್ರಗಳು ಓಡುತ್ತಿದ್ದದ್ದು ದೂರದಿಂದ ರೈಲಿನಲ್ಲಿ ಬರುತ್ತಿದ್ದ ಕಲ್ಲಿದ್ದಲಿನ ಹಬೆಯಲ್ಲಿ. ಕಾವೇರಿಯ ನೀರು ಆ ಕಲ್ಲಿದ್ದಲಿನ ಕೆಲಸವನ್ನು 148 ಕಿಲೋಮೀಟರ್ ದೂರದಿಂದ ಮಾಡತೊಡಗಿತು. ನನಗೆ ಇದು ‘ಏಷ್ಯಾದಲ್ಲೇ ಮೊದಲು’ ಅನ್ನುವುದಕ್ಕಿಂತ ಸಾವಿರ ಪಟ್ಟು ದೊಡ್ಡ ವಿಷಯ ಅನಿಸುತ್ತದೆ.

ಇದರ ಕೀರ್ತಿ ಯಾರದ್ದು? ನಮ್ಮ ಕಡೆ ಯಾರನ್ನು ಕೇಳಿದರೂ ‘ವಿಶ್ವೇಶ್ವರಯ್ಯನೋರು’ ಅಂತಾರೆ. ಮುದ್ದೇನಹಳ್ಳಿ ನಮ್ಮ ಪಕ್ಕದಲ್ಲೇ ಇದೆ, ಆ ಹೆಸರು ಬಾಯಿಗೆ ಬರುವುದು ಸಹಜ. ಆದರೆ 1902ರಲ್ಲಿ ವಿಶ್ವೇಶ್ವರಯ್ಯ ಮೈಸೂರಿನ ನೌಕರಿಯಲ್ಲೇ ಇರಲಿಲ್ಲ. ಮುಂಬೈ ಸರ್ಕಾರದ ಎಂಜಿನಿಯರ್ ಆಗಿದ್ದರು. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಶಿವನಸಮುದ್ರದ ಯೋಜನೆಯನ್ನು ಹಠ ಹಿಡಿದು ಮಾಡಿಸಿದ್ದು ದಿವಾನ್ ಶೇಷಾದ್ರಿ ಅಯ್ಯರ್. ನಕ್ಷೆ ಹಾಕಿ ನಡೆಸಿದ್ದು ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ಟರ್ಬೈನು ಬಂದದ್ದು ಸ್ವಿಟ್ಜರ್ಲೆಂಡಿನಿಂದ, ಜನರೇಟರು ಅಮೆರಿಕದಿಂದ. ಕಂಬ ನೆಟ್ಟವರು, ತಂತಿ ಎಳೆದವರು ನಮ್ಮ ಹಳ್ಳಿಗಳ ಕೂಲಿಗಳು. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಶೇಷಾದ್ರಿ ಅಯ್ಯರ್ ಅಂತೂ ಕೆಜಿಎಫ್‌ಗೆ ಕರೆಂಟು ಬಂದದ್ದನ್ನು ನೋಡಲೇ ಇಲ್ಲ. ಅದಕ್ಕೆ ಒಂಬತ್ತು ತಿಂಗಳು ಮೊದಲೇ, 1901ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ವಿಶ್ವೇಶ್ವರಯ್ಯನವರಿಗೆ ಇದರಿಂದ ಏನೂ ಕಡಿಮೆ ಆಗುವುದಿಲ್ಲ. ಅವರದ್ದೇ ಆದ ಆವಿಷ್ಕಾರ ಇದೆಯಲ್ಲ. ನೀರು ಗೊತ್ತಾದ ಮಟ್ಟ ಮುಟ್ಟಿದಾಗ ತಾನಾಗೇ ತೆರೆದುಕೊಂಡು, ಇಳಿದಾಗ ತಾನಾಗೇ ಮುಚ್ಚಿಕೊಳ್ಳುವ ಅಣೆಕಟ್ಟಿನ ಗೇಟುಗಳು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಕೂರಿಸಿದರು. ಅದನ್ನು ವಿವರಿಸಿ ಹೇಳಬಲ್ಲ ಹುಡುಗರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಅವರು ಮಾಡದ ಕೆಲಸಕ್ಕೆ ಹೂವಿನ ಹಾರ ಹಾಕುವುದರಲ್ಲಿ, ಮಾಡಿದ ಕೆಲಸ ಮರೆತೇ ಹೋಗಿದೆ.

ಕರೆಂಟು ಬಿಟ್ಟು ಅದರಿಂದ ಹತ್ತುವ ಬಲ್ಬಿಗೆ ಬರೋಣ. ಅದನ್ನು ಕಂಡುಹಿಡಿದವರು ಯಾರು ಅಂದರೆ ನಮಗೆಲ್ಲ ಎಡಿಸನ್. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೋಗಿ ಕೇಳಿ, ಜೋಸೆಫ್ ಸ್ವಾನ್ ಅಂತಾರೆ. ಅವನು 1879ರ ಆರಂಭದಲ್ಲೇ ಜನರ ಮುಂದೆ ದೀಪ ತೋರಿಸಿದ್ದ, ಎಡಿಸನ್‌ನ ಬಲ್ಬು ಉರಿದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ರಷ್ಯಾದಲ್ಲಿ ಕೇಳಿದರೆ ಲಾಡಿಗಿನ್ ಅಂತಾರೆ, 1874ರಲ್ಲೇ ಪೇಟೆಂಟ್ ಪಡೆದವನು. ಮೂರೂ ಸುಳ್ಳಲ್ಲ. ಅದು ಹೇಗೆ?

‘ಕಂಡುಹಿಡಿದರು’ ಅನ್ನುವ ಒಂದೇ ಪದದ ಒಳಗೆ ನಾವು ನಾಲ್ಕೈದು ಕೆಲಸ ತುರುಕಿದ್ದೇವೆ. ಹೀಗೊಂದು ಸಾಧ್ಯ ಅಂತ ಯೋಚಿಸುವುದು ಒಂದು ಕೆಲಸ. ಒಂದು ಸಲ ಮಾಡಿ ತೋರಿಸುವುದು ಬೇರೆ. ದಿನವೂ ಕೆಟ್ಟುಹೋಗದೆ ನಡೆಯುವ ಹಾಗೆ ಮಾಡುವುದು ಮತ್ತೊಂದು. ಕಾಗದದಲ್ಲಿ ಬರೆದು ಹಕ್ಕು ಪಡೆಯುವುದು, ಬಡವರ ಮನೆಗೂ ಎಟುಕುವ ಬೆಲೆಗೆ ತರುವುದು, ಇವೂ ಬೇರೆ ಬೇರೆ ಕೆಲಸಗಳೇ. ಎಡಿಸನ್‌ನ ನಿಜವಾದ ಜಾಣತನ ಗಾಜಿನ ಬುರುಡೆಯಲ್ಲಿ ಇರಲಿಲ್ಲ. ಅವನು ತಂತಿಯ ಲೆಕ್ಕ ಹಾಕಿದ. ಬಲ್ಬಿನ ಎಳೆಗೆ ಪ್ರತಿರೋಧ ಹೆಚ್ಚಿದ್ದರೆ ಕಡಿಮೆ ಕರೆಂಟು ಸಾಕು. ಕಡಿಮೆ ಕರೆಂಟಿಗೆ ತೆಳು ತಾಮ್ರದ ತಂತಿ ಸಾಕು. ತಾಮ್ರದ ಖರ್ಚು ಇಳಿದರೆ ಮನೆಮನೆಗೂ ಲೈನು ಎಳೆಯಬಹುದು. ಆಮೇಲೆ 1882ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರವನ್ನೇ ಕಟ್ಟಿದ. ಸ್ವಾನ್ ಮತ್ತು ಎಡಿಸನ್ ಕೋರ್ಟಿನಲ್ಲಿ ಕಾಲ ಕಳೆಯದೆ 1883ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿಗಳನ್ನು ಒಂದು ಮಾಡಿಕೊಂಡರು. ದೇಶಗಳ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಪ್ರತಿ ದೇಶವೂ ತನಗೆ ಅನುಕೂಲವಾದ ಪ್ರಶ್ನೆಯನ್ನೇ ಕೇಳಿಕೊಂಡು, ತನಗೆ ಬೇಕಾದ ಉತ್ತರ ಪಡೆಯುತ್ತದೆ.

ಈ ಜಗಳ ಪಾರ್ಲಿಮೆಂಟಿನ ತನಕ ಹೋಗುತ್ತದೆ ಅಂದರೆ ನಂಬುತ್ತೀರಾ? 2002ರ ಜೂನ್ 11ರಂದು ಅಮೆರಿಕದ ಕೆಳಮನೆ ಒಂದು ನಿರ್ಣಯ ಮಾಡಿತು. ಇಟಲಿಯಿಂದ ವಲಸೆ ಬಂದಿದ್ದ ಆಂಟೋನಿಯೋ ಮೆಯುಚಿ ಟೆಲಿಫೋನಿಗಾಗಿ ಮಾಡಿದ ಕೆಲಸಕ್ಕೆ ಮನ್ನಣೆ ಸಿಗಬೇಕು ಅಂತ. ಪಾಪ, ಆತ 1871ರಲ್ಲೇ ಪೇಟೆಂಟ್ ಕಚೇರಿಗೆ ಮುನ್ಸೂಚನೆ ಕೊಟ್ಟಿದ್ದ. ಅದನ್ನು ನವೀಕರಿಸಲು ಕೈಲಿ ದುಡ್ಡಿಲ್ಲದೆ ಬಿಟ್ಟುಬಿಟ್ಟ. ಸರಿಯಾಗಿ ಹತ್ತು ದಿನಕ್ಕೆ ಕೆನಡಾದ ಪಾರ್ಲಿಮೆಂಟು ತಿರುಗಿ ನಿರ್ಣಯ ಮಾಡಿತು: ಟೆಲಿಫೋನ್ ಕಂಡುಹಿಡಿದವರು ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೇ! ಬೆಲ್ ಹುಟ್ಟಿದ್ದು ಸ್ಕಾಟ್‌ಲೆಂಡಿನಲ್ಲಿ, ಮನೆ ಕೆನಡಾದಲ್ಲಿ, ಪ್ರಯೋಗ ಅಮೆರಿಕದಲ್ಲಿ. ಮೂರು ದೇಶಕ್ಕೂ ಅವನು ಬೇಕು. 1876ರ ಫೆಬ್ರವರಿ 14ರಂದು ಬೆಲ್ ಅರ್ಜಿ ಹಾಕಿದ ದಿನವೇ ಎಲಿಶಾ ಗ್ರೇ ಅನ್ನುವ ಇನ್ನೊಬ್ಬನ ಕಾಗದವೂ ಅದೇ ಕಚೇರಿಗೆ ಬಂದಿತ್ತು. ಕಾಲ ಹಣ್ಣಾದಾಗ ಹೀಗೆ ಒಂದೇ ಹಣ್ಣು ಹಲವು ಕೈಗೆ ಬೀಳುತ್ತದೆ.

ಈಗ ನಮಗೆಲ್ಲ ಹತ್ತಿರದ ರೇಡಿಯೋ. ‘ರೇಡಿಯೋ ಕಂಡುಹಿಡಿದವರು ಜಗದೀಶಚಂದ್ರ ಬೋಸ್, ಮಾರ್ಕೋನಿ ಕದ್ದ’ ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಕಣ್ಣು ಕೆಂಪಗೆ ಮಾಡಿಕೊಂಡು. ಈಗ ಸ್ವಲ್ಪ ಬಿಡಿಸಿ ನೋಡುತ್ತೇನೆ.

ರೇಡಿಯೋ ಅಲೆ ಇದೆ ಅಂತ ಮಾಡಿ ತೋರಿಸಿದ್ದು ಜರ್ಮನಿಯ ಹರ್ಟ್ಸ್, 1880ರ ದಶಕದ ಕೊನೆಯಲ್ಲಿ. ಬೋಸ್ 1895ರ ಸುಮಾರಿಗೆ ಕಲ್ಕತ್ತಾದಲ್ಲಿ ಜನರ ಎದುರೇ ಆ ಅಲೆಗಳನ್ನು ಗೋಡೆ ದಾಟಿಸಿ, ಆ ಕಡೆ ಗಂಟೆ ಬಾರಿಸಿದರು, ಮದ್ದಿನ ಪುಡಿ ಸಿಡಿಸಿದರು. ರಷ್ಯಾದ ಪಾಪೋವ್ ತನ್ನ ಉಪಕರಣ ತೋರಿಸಿದ್ದು 1895ರ ಮೇ 7ರಂದು. ಅದಕ್ಕೇ ರಷ್ಯಾದಲ್ಲಿ ಇವತ್ತಿಗೂ ಮೇ 7 ರೇಡಿಯೋ ದಿನ. ಇಂಗ್ಲೆಂಡಿನ ಲಾಡ್ಜ್ 1894ರಲ್ಲೇ ಇಂಥದ್ದೊಂದು ಪ್ರದರ್ಶನ ಮಾಡಿದ್ದ. ಮಾರ್ಕೋನಿ ಪೇಟೆಂಟಿಗೆ ಅರ್ಜಿ ಹಾಕಿದ್ದು 1896ರಲ್ಲಿ. ಅವನ ಗುರಿ ಬೇರೆ. ಹಡಗಿನಿಂದ ದಡಕ್ಕೆ, ದಡದಿಂದ ಸಾಗರದ ಆಚೆಗೆ ಸುದ್ದಿ ಕಳಿಸಬೇಕು, ಅದರಿಂದ ಒಂದು ವ್ಯಾಪಾರ ಕಟ್ಟಬೇಕು. ಕಟ್ಟಿದ. 1909ರಲ್ಲಿ ಬ್ರೌನ್ ಜೊತೆ ನೊಬೆಲ್ ಕೂಡ ಬಂತು.

1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ‘ಮಾರ್ಕೋನಿ ಅಲ್ಲ, ಟೆಸ್ಲಾ’ ಅಂತ ತೀರ್ಪು ಕೊಟ್ಟಿತು ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ಕೋರ್ಟು ರದ್ದು ಮಾಡಿದ್ದು ಟ್ಯೂನಿಂಗ್‌ಗೆ ಸಂಬಂಧಿಸಿದ ಮಾರ್ಕೋನಿಯ ಒಂದು ಪೇಟೆಂಟಿನ ಕೆಲವು ಭಾಗಗಳನ್ನು. ಲಾಡ್ಜ್, ಟೆಸ್ಲಾ, ಸ್ಟೋನ್ ಅವುಗಳನ್ನು ಮೊದಲೇ ಮಾಡಿದ್ದರು ಅಂತ. ಮೊದಲು ರೇಡಿಯೋ ಸಂದೇಶ ಕಳಿಸಿದ ಮಾರ್ಕೋನಿಯ ಹೆಸರನ್ನು ತಾನು ಪ್ರಶ್ನಿಸುತ್ತಿಲ್ಲ ಅಂತ ಅದೇ ತೀರ್ಪಿನಲ್ಲಿದೆ.

ಹಾಗಾದರೆ ಬೋಸ್? ಅವರಿಗೆ ಸುದ್ದಿ ಕಳಿಸುವ ಆಸೆಯೇ ಇರಲಿಲ್ಲ. ಈ ಅಲೆ ಬೆಳಕಿನ ಹಾಗೆ ಬಾಗುತ್ತದಾ, ಪ್ರತಿಫಲಿಸುತ್ತದಾ ಅಂತ ನೋಡಬೇಕಿತ್ತು. ಅದಕ್ಕೆ ಕೆಲವೇ ಮಿಲಿಮೀಟರ್ ಉದ್ದದ ಅಲೆ ಬೇಕು. ಹರ್ಟ್ಸ್‌ನ ಅಲೆಗಳಿಗಿಂತ ಅವು ಎಷ್ಟೋ ಚಿಕ್ಕವು. ಅಂಥ ಅಲೆ ಹುಟ್ಟಿಸುವ, ಹಿಡಿಯುವ ಉಪಕರಣಗಳನ್ನು ಕಾಲೇಜಿನ ಪುಟ್ಟ ಕೋಣೆಯಲ್ಲಿ, ಊರಿನ ತಗಡು ಕೆಲಸದವನ ನೆರವಿನಿಂದ ಕಟ್ಟಿದರು. ಈಗಿನ 5ಜಿ ಮಾತಾಡುವಾಗ ‘ಮಿಲಿಮೀಟರ್ ವೇವ್’ ಅಂತ ಕೇಳಿರುತ್ತೀರಿ, ಅಲ್ವಾ? ಆ ಹಾದಿಯಲ್ಲಿ ಮೊದಲು ನಡೆದವರು ಅವರು. ಇನ್ನೊಂದಿದೆ. ಅಲೆ ಹಿಡಿಯಲು ಅವರು ಗಲೀನಾ ಅನ್ನುವ ಸೀಸದ ಅದಿರಿನ ಹರಳು ಬಳಸಿದರು. ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ ಅವರಿಗೆ ಮನಸ್ಸೇ ಇರಲಿಲ್ಲ, ಗೆಳೆಯರು ಒತ್ತಾಯ ಮಾಡಿ ಹಾಕಿಸಿದ್ದು. ಅರೆವಾಹಕದಿಂದ, ಅಂದರೆ ಸೆಮಿಕಂಡಕ್ಟರ್‌ನಿಂದ, ಮಾಡಿದ ಉಪಕರಣಕ್ಕೆ ಪ್ರಪಂಚದಲ್ಲಿ ಸಿಕ್ಕ ಬಹಳ ಹಳೆಯ ಪೇಟೆಂಟುಗಳಲ್ಲಿ ಅದೂ ಒಂದು. ನಿಮ್ಮ ಮೊಬೈಲಿನ ಒಳಗಿರುವ ಚಿಪ್ಪು ಇದೇ ಅರೆವಾಹಕದ ವಂಶ.

‘ಮಾರ್ಕೋನಿ ಕದ್ದ’ ಅನ್ನುವ ಸಿಟ್ಟಿನಲ್ಲಿ ನನಗೆ ಇದ್ಯಾವುದೂ ಗೊತ್ತೇ ಇರಲಿಲ್ಲ. ಸಾಗರ ದಾಟಿದ ಮಾರ್ಕೋನಿಯ ಸಂದೇಶ ಹಿಡಿದ ಉಪಕರಣದ ಬೇರು ಬೋಸ್ ಅವರ ಪಾದರಸದ ಉಪಕರಣದಲ್ಲಿದೆ ಅಂತ 1998ರಲ್ಲಿ ಎಂಜಿನಿಯರುಗಳ ಅಂತಾರಾಷ್ಟ್ರೀಯ ಪತ್ರಿಕೆಯಲ್ಲೇ ಒಂದು ಲೇಖನ ಬಂತು. ಆ ವಾದಕ್ಕೆ ತೂಕವಿದೆ. ಆದರೂ ಬೋಸ್ ಅವರನ್ನು ಮಾರ್ಕೋನಿಯ ಅಳತೆಗೋಲಿನಲ್ಲೇ ಅಳೆದರೆ ಅವರು ಯಾವಾಗಲೂ ‘ಮೋಸ ಹೋದವರು’ ಆಗಿಯೇ ಉಳಿಯುತ್ತಾರೆ. ಅವರು ಮೋಸ ಹೋದವರಲ್ಲ, ಬೇರೆ ದಾರಿ ಹಿಡಿದು ಬಹಳ ಮುಂದೆ ಹೋದವರು.

ರೇಡಿಯೋ ಅಂದಾಗ ಒಂದು ಮಾತು. ‘ಆಕಾಶವಾಣಿ’ ಅನ್ನುವ ಹೆಸರಿನಲ್ಲಿ ಬಾನುಲಿ ಕೇಂದ್ರ ಮೊದಲು ನಡೆದದ್ದು ಮೈಸೂರಿನಲ್ಲಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದರು. ಆಮೇಲೆ ಆ ಹೆಸರು ಇಡೀ ದೇಶಕ್ಕೆ ಹೋಯಿತು. ಈ ಹೆಮ್ಮೆಗೆ ದಾಖಲೆ ಇದೆ, ನಿಶ್ಚಿಂತೆಯಿಂದ ಹೇಳಿಕೊಳ್ಳಬಹುದು.

ದಿನಬಳಕೆಯ ಇನ್ನೂ ಕೆಲವು ಇವೆ. ‘ಶಾಂಪೂ ಭಾರತದ್ದು’ ಅಂತಾರೆ. ಪದ ನಮ್ಮದು, ಹಿಂದಿಯ ‘ಚಾಂಪೋ’, ಅಂದರೆ ಒತ್ತು, ನೀವು. ಪಟ್ನಾದ ಶೇಖ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನದ ಮನೆ ತೆರೆದು ಇದನ್ನು ಜನಪ್ರಿಯ ಮಾಡಿದರು. ಆದರೆ ಅವರು ಮಾಡುತ್ತಿದ್ದದ್ದು ಮಾಲೀಷು. ಬಾಟಲಿಯ ನೊರೆ ಬಹಳ ಆಮೇಲಿನದು. ಅಂಗಿ ಗುಂಡಿಯ ಕಥೆಯೂ ಹಾಗೇ. ಮೊಹೆಂಜೊದಾರೊದಲ್ಲಿ ಸಿಕ್ಕ ಚಿಪ್ಪಿನ ಗುಂಡಿಗಳು ನಾಲ್ಕು ಸಾವಿರ ವರ್ಷಕ್ಕೂ ಹಳೆಯವು. ಅವು ಹೆಚ್ಚಾಗಿ ಅಲಂಕಾರಕ್ಕೆ. ಕಾಜಾ ಹಾಕಿ ಬಟ್ಟೆ ಬಿಗಿಯುವ ಗುಂಡಿ ಹರಡಿದ್ದು 13ನೇ ಶತಮಾನದ ಯುರೋಪಿನಲ್ಲಿ. ಮೊಹೆಂಜೊದಾರೊ ಇರುವುದು ಈಗಿನ ಪಾಕಿಸ್ತಾನದಲ್ಲಿ, ಹಾಗಾಗಿ ‘ನಮ್ಮದು’ ಅನ್ನುವವರು ಆ ಕಡೆಯೂ ಇದ್ದಾರೆ. ಲೂಡೋಗೆ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಆಯಿತು. ಜಗಲಿ ಮೇಲೆ ಪಗಡೆ ಆಡಿದ ಯಾರಿಗೂ ಅದು ಎಲ್ಲಿಂದ ಹೋಯಿತು ಅಂತ ಹೇಳಿಕೊಡಬೇಕಾಗಿಲ್ಲ.

ನಮಗೆ ಈ ‘ಮೊದಲು’ ಯಾಕಿಷ್ಟು ಬೇಕು? ನನಗೆ ಇದರಲ್ಲಿ ಬರೀ ಜಂಬ ಕಾಣುವುದಿಲ್ಲ. ಒಂದು ನೋವೂ ಇದೆ. ನಿಮಗೆ ಏನೂ ಗೊತ್ತಿರಲಿಲ್ಲ, ನಾವು ಬಂದು ಕಲಿಸಿದೆವು ಅಂತ ಇನ್ನೂರು ವರ್ಷ ಹೇಳಿಸಿಕೊಂಡ ಜನ ನಾವು. ಕೆಜಿಎಫ್ ಗಣಿಯ ಚಿನ್ನ ಹೋದದ್ದು ಲಂಡನ್ನಿಗೆ. ಇಲ್ಲಿ ಉಳಿದದ್ದು ಸೈನೈಡ್ ದಿಬ್ಬ. ಗಾಳಿ ಬೀಸಿದರೆ ಅದರ ಬೂದು ಪುಡಿ ಇವತ್ತಿಗೂ ಒಣಗಲು ಹಾಕಿದ ಬಟ್ಟೆ ಮೇಲೆ ಕೂರುತ್ತದೆ. ಅಂಥ ಊರಿನವನು ‘ನಮ್ಮದೇ ಮೊದಲು’ ಅಂದರೆ, ಆ ಮಾತಿನ ಹಿಂದಿನ ಆಸೆ ನನಗೆ ಅರ್ಥವಾಗುತ್ತದೆ. ಆ ಆಸೆಗೆ ಸುಳ್ಳನ್ನು ಉಣಿಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ವಿಮಾನದ ವಿಷಯ ನೋಡಿ. ‘ವೈಮಾನಿಕ ಶಾಸ್ತ್ರ’ ಅನ್ನುವ ಸಂಸ್ಕೃತ ಪಠ್ಯ ಇಟ್ಟುಕೊಂಡು, ಸಾವಿರಾರು ವರ್ಷದ ಹಿಂದೆ ನಾವು ವಿಮಾನ ಹಾರಿಸುತ್ತಿದ್ದೆವು ಅಂತ ಹೇಳುವವರಿದ್ದಾರೆ. ಈ ಪಠ್ಯಕ್ಕೆ ನಮ್ಮ ಜಿಲ್ಲೆಯ ನಂಟಿದೆ. ಇದನ್ನು ಹೇಳಿ ಬರೆಸಿದ ಪಂಡಿತ ಸುಬ್ಬರಾಯ ಶಾಸ್ತ್ರಿಗಳಿಗೆ ಕೋಲಾರದ ಕಡೆ ಸಿಕ್ಕ ಒಬ್ಬ ಗುರುಗಳಿಂದ ಈ ವಿದ್ಯೆ ಬಂತು ಅನ್ನುವ ಪ್ರತೀತಿ. ಬರೆಸಿದ್ದು 1918ರಿಂದ 1923ರ ನಡುವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇದನ್ನು ಸಾಲು ಸಾಲಾಗಿ ಪರೀಕ್ಷಿಸಿದರು. ಪಠ್ಯ 1904ಕ್ಕಿಂತ ಹಳೆಯದಲ್ಲ, ಅದರಲ್ಲಿರುವ ಯಾವ ವಿಮಾನವೂ ಹಾರುವಂಥದ್ದಲ್ಲ ಅಂತ ಕಾರಣ ಸಮೇತ ಬರೆದರು. ವಿಮಾನದ ವಿಷಯದಲ್ಲಿ ಬ್ರೆಜಿಲ್‌ನವರದ್ದೂ ಒಂದು ಅಳಲು ಇದೆ. ಅವರ ಪಾಲಿಗೆ ಮೊದಲು ಹಾರಿದವನು 1906ರಲ್ಲಿ ಪ್ಯಾರಿಸ್ಸಿನಲ್ಲಿ, ಸಾವಿರಾರು ಜನ ನೋಡುತ್ತಿರುವಾಗ ಹಾರಿದ ಸಾಂಟೋಸ್ ಡ್ಯುಮಾಂಟ್. ಅವರ ವಾದವಾದರೂ ನಿಜವಾಗಿ ಹಾರಿದ ಒಂದು ವಿಮಾನದ ಬಗ್ಗೆ. ನಮ್ಮಲ್ಲೂ ಅಂಥದ್ದೊಂದಿದೆ. ವಿ.ಎಂ. ಘಾಟಗೆ ಮತ್ತು ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ವಿಮಾನ 1951ರಲ್ಲಿ ಬೆಂಗಳೂರಿನಿಂದ ಆಕಾಶಕ್ಕೆ ಏರಿತು. ಎಷ್ಟೋ ಪೈಲಟ್‌ಗಳು ಅದರಲ್ಲಿ ಹಾರುವುದನ್ನು ಕಲಿತರು. ಕ್ವಿಜ್‌ನಲ್ಲಿ ಅದನ್ನು ಯಾಕೆ ಕೇಳಬಾರದು?

ಕೆಜಿಎಫ್‌ನವರಿಗೇ ಗೊತ್ತಿಲ್ಲದ ಕೆಜಿಎಫ್‌ನ ಒಂದು ‘ಮೊದಲು’ ಇದೆ. ನನಗೆ ಇದರ ಬಗ್ಗೆ ಮಾತಾಡಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ.

ನ್ಯೂಟ್ರಿನೋ ಅಂತ ಒಂದು ಕಣ. ಅದಕ್ಕೆ ತೂಕ ಇಲ್ಲವೆನ್ನುವಷ್ಟು ಕಡಿಮೆ. ಭೂಮಿಯ ಈ ಕಡೆಯಿಂದ ಹೊಕ್ಕು ಆ ಕಡೆ ಹೊರಟುಹೋಗುತ್ತದೆ, ಯಾವುದಕ್ಕೂ ತಾಗುವುದೇ ಅಪರೂಪ. ಆಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೋ ಹುಟ್ಟುತ್ತವೆ. ಅವನ್ನು ಹಿಡಿಯುವುದು ಹೇಗೆ? ನೆಲದ ಮೇಲೆ ಆಗದ ಮಾತು, ಬೇರೆ ಕಣಗಳ ಸುರಿಮಳೆಯಲ್ಲಿ ಇದು ಕಳೆದುಹೋಗುತ್ತದೆ. ಆಳಕ್ಕೆ ಇಳಿಯಬೇಕು. ತಲೆ ಮೇಲೆ ಕಿಲೋಮೀಟರುಗಟ್ಟಲೆ ಕಲ್ಲಿದ್ದರೆ ಮಿಕ್ಕ ಕಣಗಳನ್ನು ಅದು ತಡೆಯುತ್ತದೆ, ನ್ಯೂಟ್ರಿನೋ ಮಾತ್ರ ದಾಟಿ ಬರುತ್ತದೆ. ಅಷ್ಟು ಆಳದ ಗುಂಡಿ ಎಲ್ಲಿತ್ತು? ಚಾಂಪಿಯನ್ ರೀಫ್ ಗಣಿಯಲ್ಲಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ನೆಲದಿಂದ 2,300 ಮೀಟರ್ ಕೆಳಗೆ ಉಪಕರಣ ಇಟ್ಟರು. ನಂದಿಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,480 ಮೀಟರ್ ಎತ್ತರ. ಅದಕ್ಕಿಂತ ಎಷ್ಟೋ ಜಾಸ್ತಿ ಆಳ. ಕೈಯಿಟ್ಟರೆ ಬಂಡೆ ಬಿಸಿ. ಆ ತಂಡದ ಮುಂದಾಳುಗಳಲ್ಲಿ ಒಬ್ಬರು ಬಿ.ವಿ. ಶ್ರೀಕಂಠನ್, ನಮ್ಮ ನಂಜನಗೂಡಿನವರು. ಅವರು 1950ರ ದಶಕದ ಆರಂಭದಿಂದಲೇ ಆ ಗಣಿಗೆ ಇಳಿದು ಹತ್ತಿ ಅಳತೆ ಮಾಡುತ್ತಿದ್ದರು.

1965ರಲ್ಲಿ ಅವರ ಉಪಕರಣದಲ್ಲಿ ವಾತಾವರಣದ ನ್ಯೂಟ್ರಿನೋ ಗುರುತು ಬಿಟ್ಟು ಹೋಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ರೈನ್ಸ್ ತಂಡವೂ ಅದೇ ಬೇಟೆಯಲ್ಲಿತ್ತು. ಅವರ ಉಪಕರಣಕ್ಕೆ ಗುರುತು ಬಿದ್ದದ್ದು ಮೊದಲು, ಫೆಬ್ರವರಿಯಲ್ಲೇ. ಆದರೆ ಕೆಜಿಎಫ್ ತಂಡದ ಲೇಖನ ಅಚ್ಚಾದದ್ದು ಮೊದಲು, ಆಗಸ್ಟ್ 15ಕ್ಕೆ. ಅವರದ್ದು ಆಗಸ್ಟ್ 30ಕ್ಕೆ. ಈಗ ಹೇಳಿ, ಯಾರು ಮೊದಲು? ವಿಜ್ಞಾನಿಗಳು ಈ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಲಿಲ್ಲ. ಇಬ್ಬರ ಹೆಸರನ್ನೂ ಜೊತೆಯಲ್ಲೇ ಹೇಳುತ್ತಾರೆ. ಇಬ್ಬರೂ ಬೇರೆ ಬೇರೆಯಾಗಿ ಒಂದೇ ವಿಷಯ ಕಂಡದ್ದರಿಂದ ಆ ಸಂಗತಿ ಇನ್ನಷ್ಟು ಗಟ್ಟಿಯಾಯಿತು. ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು, ಈಗ ಒಳಗೆಲ್ಲ ನೀರು. ಆಗದ ‘ಏಷ್ಯಾದ ಮೊದಲ ಕರೆಂಟು’ ಪ್ರತಿ ಮಗುವಿಗೂ ಬಾಯಿಪಾಠ. ಆದ ಈ ಕೆಲಸ ಊರಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ತಿಂಡಿ ಜಗಳ ಹೇಳದಿದ್ದರೆ ಓದುವವರು ಬಿಡುವುದಿಲ್ಲ. ತಟ್ಟೆ ಇಡ್ಲಿ ಬಿಡದಿಯದ್ದಾ, ತುಮಕೂರಿನ ಕ್ಯಾತಸಂದ್ರದ್ದಾ? ರಸಗುಲ್ಲಾ ಬಂಗಾಳದ್ದಾ, ಒಡಿಶಾದ್ದಾ? ಇಲ್ಲಿ ಜಿಐ ಟ್ಯಾಗ್ ಅನ್ನುವುದನ್ನು ಜನ ತಪ್ಪು ತಿಳಿಯುತ್ತಾರೆ. ಅದು ಇಂಥವರೇ ಮೊದಲು ಮಾಡಿದರು ಅನ್ನುವ ಸರ್ಟಿಫಿಕೇಟ್ ಅಲ್ಲ. ಇಂಥ ಊರಿನ ಇಂಥ ಗುಣದ ಪದಾರ್ಥಕ್ಕೆ ಈ ಹೆಸರು ಅನ್ನುವ ರಕ್ಷಣೆ ಅಷ್ಟೇ. ಅದಕ್ಕೇ 2017ರಲ್ಲಿ ಬಂಗಾಳದ ರಸಗುಲ್ಲಾಗೂ 2019ರಲ್ಲಿ ಒಡಿಶಾದ್ದಕ್ಕೂ, ಎರಡಕ್ಕೂ ಸಿಕ್ಕಿತು. ಇಡ್ಲಿಯ ಹೆಸರು ಮೊದಲು ಸಿಗುವುದು ನಮ್ಮ ಕನ್ನಡದಲ್ಲೇ, ಸುಮಾರು ಕ್ರಿ.ಶ. 920ರ ‘ವಡ್ಡಾರಾಧನೆ’ಯಲ್ಲಿ, ‘ಇಡ್ಡಲಿಗೆ’ ಅಂತ. ಆದರೆ ನೂರು ವರ್ಷದ ನಂತರದ ಬರಹದಲ್ಲಿ ಸಿಗುವ ಅದರ ಪಾಕದಲ್ಲಿ ಅಕ್ಕಿಯೇ ಇಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವುದು. ಹೆಸರು ಅದೇ, ತಿಂಡಿ ಬೇರೆ. ಈಗಿನ ಇಡ್ಲಿ ಆಗುವ ಹೊತ್ತಿಗೆ ಅದೆಷ್ಟು ಅಡುಗೆಮನೆಗಳ ಕೈ ಸೇರಿದೆಯೋ.

ಹೋದ ತಿಂಗಳು ಮತ್ತೆ ಆ ಶಾಲೆಗೆ ಹೋದೆ. ಮೊದಲು ಆ ಹುಡುಗಿಯನ್ನು ಕರೆದು, ಎಲ್ಲರ ಎದುರು ಆವತ್ತು ತಪ್ಪಿದ್ದು ನಾನು ಅಂತ ಹೇಳಿದೆ. ಅವಳು ನಾಚಿಕೊಂಡಳು. ಆಮೇಲೆ ಚೀಲದಿಂದ ಒಂದು ರಾಗಿ ತೆನೆ ತೆಗೆದೆ. ಮುಷ್ಟಿ ಅರ್ಧ ಮುಚ್ಚಿದ ಹಾಗೆ ಇರುತ್ತದಲ್ಲ, ದಪ್ಪ ತೆನೆ. ‘ಇದು ಯಾವ ತಳಿ?’ ಅಂದೆ. ಒಬ್ಬ ಹುಡುಗ ತಟ್ಟನೆ ‘ಇಂಡಾಫ್ ಸಾರ್, ನಮ್ಮ ತಾತ ಹಾಕ್ತಿದ್ರು’ ಅಂದ. ‘ಇಂಡಾಫ್ ಅಂದರೆ ಏನು?’ ಯಾರಿಗೂ ಗೊತ್ತಿರಲಿಲ್ಲ.

ಹೇಳಿದೆ. ರಾಗಿ ಹುಟ್ಟಿದ್ದು ಆಫ್ರಿಕಾದಲ್ಲಿ, ಇಥಿಯೋಪಿಯಾ–ಉಗಾಂಡಾದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದು ನಮ್ಮದೇ ಆಯಿತು. 1960ರ ದಶಕದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಅಂತ ಒಬ್ಬ ವಿಜ್ಞಾನಿ ಇದ್ದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ನಮ್ಮ ರಾಗಿಗೆ ತೆಂಡೆ ಚೆನ್ನಾಗಿ ಒಡೆಯುತ್ತಿತ್ತು, ತೆನೆ ಚಿಕ್ಕದು. ಆಫ್ರಿಕಾದ ರಾಗಿಗೆ ದಪ್ಪ ತೆನೆ, ಗಟ್ಟಿ ದಂಟು, ಬೆಂಕಿ ರೋಗ ತಡೆಯುವ ಶಕ್ತಿ. ಎರಡನ್ನೂ ಕೂಡಿಸಬೇಕು. ಆದರೆ ರಾಗಿ ಹೂವು ಬಹಳ ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಬಿಡುತ್ತದೆ. ಅದನ್ನು ತಪ್ಪಿಸಿ ಬೇರೆ ಗಿಡದ ಪರಾಗ ಮುಟ್ಟಿಸುವುದು ವರ್ಷಗಟ್ಟಲೆಯ ತಾಳ್ಮೆಯ ಕೆಲಸ. ಅವರು ಅದನ್ನು ಮಾಡಿದರು. ಹಾಗೆ ಬಂದ ತಳಿಗಳು ನಮ್ಮ ಕೋಲಾರ, ತುಮಕೂರಿನ ಬರದ ಹೊಲಗಳಲ್ಲಿ ಇಳುವರಿ ಹೆಚ್ಚಿಸಿದವು. ಹೆಸರಿಡುವಾಗ ಇಂಡಿಯಾದಿಂದ ‘ಇಂಡ್’ ತೆಗೆದುಕೊಂಡರು, ಆಫ್ರಿಕಾದಿಂದ ‘ಆಫ್’.

ತೆನೆ ಕೈಯಿಂದ ಕೈಗೆ ಹೋಯಿತು. ಕೊನೆಗೆ ಆ ಹುಡುಗಿಯ ಕೈಗೆ ಬಂತು. ಎರಡು ಕಾಳು ಉದುರಿಸಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

‘ಸಾರ್, ಅಲ್ಲಿಯವರೂ ಮುದ್ದೆ ತಿಂತಾರಾ?’

ತಿಂತಾರೆ. ಉಗಾಂಡಾದಲ್ಲಿ ಅದಕ್ಕೆ ‘ಕಾಲೋ’ ಅಂತಾರೆ. ಕುದಿಯುವ ನೀರಿಗೆ ಹಿಟ್ಟು ಸುರಿದು, ಮರದ ಕೋಲಿನಲ್ಲಿ ಗಟ್ಟಿಯಾಗಿ ತಿರುವಿ, ಕೈಯಲ್ಲಿ ಮುರಿದು ಸಾರಿಗೆ ಅದ್ದಿಕೊಂಡು ತಿಂತಾರೆ.